ಮರಳ ಮೇಲಿನ ಗೋಪುರ: ಕೇಪ್ ಹ್ಯಾಟರಸ್ ದೀಪಸ್ತಂಭದ ಸುರುಳಿ ಪಟ್ಟೆಗಳು ಮತ್ತು ಸ್ಥಳಾಂತರ

ಪ್ರಶ್ನೆ: ಅಮೆರಿಕದ ನಾರ್ತ್ ಕ್ಯಾರೊಲಿನಾ ಕರಾವಳಿಯಲ್ಲಿರುವ ಕೇಪ್ ಹ್ಯಾಟರಸ್ ದೀಪಸ್ತಂಭದ ಚಿತ್ರ ನೋಡಿದೆ. ಅದರ ಮೈಸುತ್ತ ಕಪ್ಪು ಬಿಳಿ ಪಟ್ಟೆಗಳು ಸುರುಳಿಯಾಗಿ ಮೇಲೇರುತ್ತವೆ. ಈ ಪಟ್ಟೆಗಳು ಬರೀ ಅಲಂಕಾರವೇ? ಬಣ್ಣ ಬಳಿಯುವವರು ನೆರೆಯ ದೀಪಸ್ತಂಭದ ವಿನ್ಯಾಸವನ್ನು ತಪ್ಪಿ ಇದಕ್ಕೆ ಬಳಿದರೆಂದು ಓದಿದ್ದೇನೆ, ನಿಜವೇ? ಇಡೀ ಗೋಪುರವನ್ನೇ 1999ರಲ್ಲಿ ಸರಿಸಿದರಂತೆ. ಅದರ ಬದಲು ಸಮುದ್ರಕ್ಕೆ ಅಡ್ಡಗೋಡೆ ಕಟ್ಟಬಹುದಿತ್ತಲ್ಲವೇ? ಇಂಥದ್ದೇ ಪಟ್ಟೆಗಳಿರುವ ಇನ್ನೊಂದು ಚಿತ್ರದ ಕೆಳಗೆ ಫ್ಲೋರಿಡಾ ಎಂದು ಬರೆದಿತ್ತು, ಅದೂ ಇದೇ ಗೋಪುರವೇ?

ಉತ್ತರ: ಪಟ್ಟೆಗಳು ಅಲಂಕಾರಕ್ಕೆ ಬಳಿದವಲ್ಲ; ಅವು ಅದಲುಬದಲಾದವೆಂಬ ಕಥೆಗೆ ಆಧಾರವಿಲ್ಲ; ಗೋಪುರವನ್ನು ಇಡಿಯಾಗಿ ಸರಿಸಿದ್ದು ಮಾತ್ರ ಅಕ್ಷರಶಃ ನಿಜ. ಈ ಗೋಪುರದ ಎತ್ತರ, ಬಣ್ಣ, ಅಡಿಪಾಯ, ಕೊನೆಗೆ ಅದರ ಸ್ಥಳಾಂತರ, ಇವೆಲ್ಲದರ ಹಿಂದೆ ಇರುವುದು ಆ ಕರಾವಳಿಯ ಮರಳು. ನೀರಿನಡಿಯ ಮರಳು ಹಡಗುಗಳನ್ನು ಒಡೆಯಿತು, ಎತ್ತರವಿಲ್ಲದ ಮರಳ ದಂಡೆ ನಾವಿಕರಿಗೆ ಗುರುತು ಸಿಗದಂತೆ ಮಾಡಿತು, ಗೋಪುರದ ಮುಂದಿನ ಮರಳು ಕರಗುತ್ತ ಬಂದು ಸಮುದ್ರವನ್ನೇ ಅದರ ಬುಡಕ್ಕೆ ತಂದಿತು. ಹಾಗಾಗಿ ನಿಮ್ಮ ಪ್ರಶ್ನೆಗಳಿಗೆ ಬಿಡಿಬಿಡಿಯಾಗಿ ಉತ್ತರಿಸುವುದಕ್ಕಿಂತ ಆ ಜಾಗದಿಂದಲೇ ಆರಂಭಿಸುವುದು ಸರಿ ಎನಿಸುತ್ತದೆ.

ನಾರ್ತ್ ಕ್ಯಾರೊಲಿನಾದ ಮುಖ್ಯ ನೆಲಕ್ಕೂ ಅಟ್ಲಾಂಟಿಕ್ ಸಾಗರಕ್ಕೂ ನಡುವೆ ಔಟರ್ ಬ್ಯಾಂಕ್ಸ್ ಎಂಬ ಉದ್ದನೆಯ, ತೀರ ಕಿರಿದಾದ ಮರಳ ದ್ವೀಪಗಳ ಸಾಲಿದೆ. ಈ ಸಾಲು ಸಮುದ್ರದೊಳಕ್ಕೆ ಚಾಚಿ ಪಶ್ಚಿಮಕ್ಕೆ ತಿರುಗುವ ಮೂಲೆಯೇ ಹ್ಯಾಟರಸ್ ಭೂಶಿರ. ಅಲ್ಲಿಂದ ಮುಂದಕ್ಕೆ ನೀರಿನಡಿಯಲ್ಲಿ ಹತ್ತು ಮೈಲಿಗೂ ಹೆಚ್ಚು ದೂರ ಡೈಮಂಡ್ ಶೋಲ್ಸ್ ಎಂಬ ಮರಳದಿಣ್ಣೆಗಳು ಹಬ್ಬಿವೆ. ಪ್ರತಿ ಬಿರುಗಾಳಿಗೂ ಇವುಗಳ ಆಕಾರ ಬದಲಾಗುವುದರಿಂದ ನಕ್ಷೆಯನ್ನು ನಂಬಿ ಇವುಗಳ ನಡುವೆ ದಾರಿ ಹುಡುಕುವುದು ಸಾಧ್ಯವಿರಲಿಲ್ಲ. ದಕ್ಷಿಣದಿಂದ ಬರುವ ಬೆಚ್ಚನೆಯ ಗಲ್ಫ್ ಪ್ರವಾಹ ಮತ್ತು ಉತ್ತರದಿಂದ ಇಳಿದು ಬರುವ ತಣ್ಣನೆಯ ನೀರು ಈ ಭೂಶಿರದ ಮುಂದೆ ಎದುರಾಗುತ್ತವೆ. ಮಂಜು, ಬಿರುಗಾಳಿ, ಅಡ್ಡಾದಿಡ್ಡಿ ಅಲೆಗಳು ಅಲ್ಲಿ ಸಾಮಾನ್ಯ. ದಕ್ಷಿಣಕ್ಕೆ ಹೊರಟ ಹಾಯಿಹಡಗುಗಳು ಎದುರು ಹರಿಯುವ ಗಲ್ಫ್ ಪ್ರವಾಹವನ್ನು ತಪ್ಪಿಸಿಕೊಳ್ಳಲು ದಡದ ಕಡೆಗೆ ಒತ್ತಿ ಸಾಗಬೇಕಿತ್ತು. ಒತ್ತಿದಷ್ಟೂ ದಿಣ್ಣೆಗಳು ಹತ್ತಿರವಾಗುತ್ತಿದ್ದವು. ಈ ಇಕ್ಕಟ್ಟಿನಲ್ಲಿ ನಾಶವಾದ ಹಡಗುಗಳಿಂದಾಗಿ ಈ ಪ್ರದೇಶಕ್ಕೆ ಅಟ್ಲಾಂಟಿಕ್‌ನ ರುದ್ರಭೂಮಿ ಎಂಬ ಹೆಸರು ಬಂದಿದೆ. ಅಮೆರಿಕದ ಅಂತರ್ಯುದ್ಧದ ಪ್ರಸಿದ್ಧ ಕಬ್ಬಿಣದ ಕವಚದ ಯುದ್ಧನೌಕೆ ಮಾನಿಟರ್ 1862ರ ಡಿಸೆಂಬರ್ 31ರಂದು ಮುಳುಗಿದ್ದು ಇದೇ ಭೂಶಿರದ ಹೊರಗೆ.

ಇಲ್ಲೊಂದು ದೀಪ ಬೇಕೆಂದು ಅಮೆರಿಕದ ಕಾಂಗ್ರೆಸ್ 1794ರಲ್ಲೇ ಒಪ್ಪಿಗೆ ನೀಡಿತು. ಮುಂದೆ ಯುದ್ಧ ಕಾರ್ಯದರ್ಶಿಯಾದ ಹೆನ್ರಿ ಡಿಯರ್‌ಬಾರ್ನ್ ಗುತ್ತಿಗೆದಾರರಾಗಿ ಕಟ್ಟಿಸಿದ ಮೊದಲ ಗೋಪುರ 1803ರಲ್ಲಿ ಬೆಳಗಿತು. ಮರಳುಗಲ್ಲಿನ ಆ ಕಟ್ಟಡದ ಎತ್ತರ ಸುಮಾರು 90 ಅಡಿ; ದೀಪ ಸಮುದ್ರಮಟ್ಟದಿಂದ 112 ಅಡಿ ಮೇಲಿತ್ತು. ಈ ಎತ್ತರ ಏಕೆ ಸಾಲದೆಂಬುದನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಭೂಮಿ ಬಾಗಿರುವುದರಿಂದ, ಎಷ್ಟೇ ಪ್ರಕಾಶಮಾನವಾದ ದೀಪವಾದರೂ ದಿಗಂತದ ಆಚೆ ಕಾಣುವುದಿಲ್ಲ. ಅಡಿಗಳಲ್ಲಿ ಅಳೆದ ಎತ್ತರದ ವರ್ಗಮೂಲವನ್ನು 1.17ರಿಂದ ಗುಣಿಸಿದರೆ ದಿಗಂತದ ದೂರ ನಾಟಿಕಲ್ ಮೈಲಿಗಳಲ್ಲಿ ಸಿಗುತ್ತದೆ. 112 ಅಡಿಗೆ ಅದು ಹನ್ನೆರಡೂವರೆಗಿಂತ ತುಸು ಕಡಿಮೆ. ಹಡಗಿನ ಮೇಲೆ ನಿಂತವನ ಕಣ್ಣಿನ ಎತ್ತರ ಅದಕ್ಕೆ ಇನ್ನು ಕೆಲವು ಮೈಲಿಗಳನ್ನು ಸೇರಿಸಬಹುದು. ಅಂದರೆ ತಿಳಿಯಾದ ರಾತ್ರಿಯಲ್ಲೂ ದೀಪ ಕಾಣುವ ಹೊತ್ತಿಗೆ ಹಡಗು ದಿಣ್ಣೆಗಳ ಹೊರಅಂಚಿಗೆ ಬಂದಿರುತ್ತಿತ್ತು, ಮಬ್ಬು ಕವಿದ ರಾತ್ರಿಯಲ್ಲಿ ಅಷ್ಟು ಅವಕಾಶವೂ ಇರಲಿಲ್ಲ.

ದೀಪವೂ ದುರ್ಬಲವಾಗಿತ್ತು. ತಿಮಿಂಗಿಲದ ಎಣ್ಣೆಯ ಹದಿನೆಂಟು ದೀಪಗಳ ಹಿಂದೆ ಲೋಹದ ಪ್ರತಿಫಲಕಗಳನ್ನು ಜೋಡಿಸಿದ ಆ ವ್ಯವಸ್ಥೆಯಲ್ಲಿ ಬೆಳಕಿನ ಬಹುಪಾಲು ಅಕ್ಕಪಕ್ಕಕ್ಕೆ ಚದುರಿ ವ್ಯರ್ಥವಾಗುತ್ತಿತ್ತು. ಫ್ರಾನ್ಸಿನ ಭೌತವಿಜ್ಞಾನಿ ಅಗಸ್ಟಿನ್ ಫ್ರೆನೆಲ್ 1820ರ ದಶಕದ ಆರಂಭದಲ್ಲೇ ಇದಕ್ಕೆ ಪರಿಹಾರ ಕಂಡುಹಿಡಿದಿದ್ದರು: ದೀಪದ ಸುತ್ತ ಗಾಜಿನ ಪಟ್ಟಕಗಳನ್ನು ಉಂಗುರ ಉಂಗುರವಾಗಿ ಜೋಡಿಸಿ, ಚದುರುವ ಬೆಳಕನ್ನು ಬಾಗಿಸಿ ಒಂದೇ ಸಮತಲದ ಕಿರಣವಾಗಿ ಕಳುಹಿಸುವ ಮಸೂರ ಅದು. ಆದರೆ ಅಮೆರಿಕದ ದೀಪಸ್ತಂಭಗಳ ಉಸ್ತುವಾರಿ 1820ರಿಂದ ಮೂರು ದಶಕಗಳ ಕಾಲ ಖಜಾನೆ ಇಲಾಖೆಯ ಲೆಕ್ಕಪರಿಶೋಧಕ ಸ್ಟೀಫನ್ ಪ್ಲೆಸಂಟನ್ ಅವರ ಕೈಯಲ್ಲಿತ್ತು. ದುಬಾರಿ ಮಸೂರಗಳಿಗೆ ಹಣ ಬಿಚ್ಚಲು ಅವರು ಮನಸ್ಸು ಮಾಡಲಿಲ್ಲ. ಖಜಾನೆಯ ಲೆಕ್ಕದಲ್ಲಿ ಉಳಿದ ಹಣಕ್ಕೆ ಬೆಲೆ ತೆತ್ತವರು ನಾವಿಕರು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ನಾವಿಕರ ದೂರುಗಳು ಹೆಚ್ಚಾಗಿ 1852ರಲ್ಲಿ ಎಂಜಿನಿಯರುಗಳು, ವಿಜ್ಞಾನಿಗಳು ಮತ್ತು ನೌಕಾಧಿಕಾರಿಗಳಿದ್ದ ದೀಪಸ್ತಂಭ ಮಂಡಳಿ ರಚನೆಯಾದ ಮೇಲೆಯೇ ಹ್ಯಾಟರಸ್‌ನ ಸ್ಥಿತಿ ಸುಧಾರಿಸಿತು. ಹಳೆಯ ಗೋಪುರವನ್ನು 150 ಅಡಿಗೆ ಎತ್ತರಿಸಿ, 1854ರಲ್ಲಿ ಮೊದಲ ದರ್ಜೆಯ, ಅಂದರೆ ಅಂದಿನ ದೊಡ್ಡ ಗಾತ್ರದ, ಫ್ರೆನೆಲ್ ಮಸೂರ ಅಳವಡಿಸಿದರು. ಅಂತರ್ಯುದ್ಧ ಶುರುವಾದಾಗ, 1861ರಲ್ಲಿ, ದಕ್ಷಿಣದ ಒಕ್ಕೂಟದವರು ಆ ಮಸೂರವನ್ನು ಕಳಚಿ ಒಯ್ದರು. ಮರುವರ್ಷ ಉತ್ತರದವರು ದೀಪವನ್ನು ಮತ್ತೆ ಹೊತ್ತಿಸಿದರು.

ಯುದ್ಧ ಮುಗಿಯುವ ಹೊತ್ತಿಗೆ ಹಳೆಯ ಗೋಪುರ ಬಿರುಕುಬಿಟ್ಟು ರಿಪೇರಿಯ ಹಂತ ದಾಟಿತ್ತು. 1868ರಲ್ಲಿ ಹೊಸದಕ್ಕೆ ಹಣ ಮಂಜೂರಾಗಿ, ಡೆಕ್ಸ್‌ಟರ್ ಸ್ಟೆಟ್‌ಸನ್ ಅವರ ಮೇಲ್ವಿಚಾರಣೆಯಲ್ಲಿ ಕೆಲಸ ಆರಂಭವಾಯಿತು. ಇಡೀ ಚರಿತ್ರೆಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾಗುವ ಭಾಗ ಇದು. ಸಡಿಲ ನೆಲದಲ್ಲಿ ಭಾರದ ಕಟ್ಟಡ ನಿಲ್ಲಿಸಲು ಮರದ ಕಂಬಗಳನ್ನು ಆಳಕ್ಕೆ ಬಡಿದಿಳಿಸುವುದು ಅಂದಿನ ರೂಢಿ. ಇಲ್ಲಿ ಕೆಲವು ಅಡಿ ಕೆಳಗೆ ಮರಳು ಎಷ್ಟು ಒತ್ತಾಗಿ ಗಟ್ಟಿಯಾಗಿತ್ತೆಂದರೆ ಕಂಬಗಳು ಇಳಿಯಲೇ ಇಲ್ಲ. ತೋಡಿದ ಗುಂಡಿಯಲ್ಲಿ ಸಿಹಿನೀರು ತುಂಬಿಕೊಳ್ಳುತ್ತಿತ್ತು. ಸ್ಟೆಟ್‌ಸನ್ ಈ ಎರಡು ತೊಡಕುಗಳನ್ನೇ ಆಧಾರ ಮಾಡಿಕೊಂಡರು. ಗುಂಡಿಯ ತಳದಲ್ಲಿ ಹಳದಿ ಪೈನ್ ಮರದ ದಪ್ಪ ತೊಲೆಗಳನ್ನು ಎರಡು ಪದರಗಳಲ್ಲಿ ಒಂದಕ್ಕೊಂದು ಅಡ್ಡಲಾಗಿ ಹಾಸಿ, ಅದರ ಮೇಲೆ ಗ್ರಾನೈಟ್ ಕಲ್ಲುಗಳನ್ನು ಗಾರೆಯಲ್ಲಿ ಕೂರಿಸಿ, ಆಮೇಲೆ ಇಟ್ಟಿಗೆಯ ಗೋಪುರ ಎಬ್ಬಿಸಿದರು. ಭಾರವೆಲ್ಲ ವಿಶಾಲವಾಗಿ ಹರಡಿ ಆ ಗಟ್ಟಿ ಮರಳಿನ ಮೇಲೆ ಕುಳಿತಿತು. ಸದಾ ಸಿಹಿನೀರಿನಲ್ಲಿ ಮುಳುಗಿರುವ ಮರಕ್ಕೆ ಗಾಳಿ ತಾಗದ ಕಾರಣ ಅದು ಕೊಳೆಯುವುದಿಲ್ಲ. ಹೀಗೆ ಈ ಅಡಿಪಾಯ ಸುಮಾರು 130 ವರ್ಷ ಗೋಪುರವನ್ನು ನೆಟ್ಟಗೆ ಹೊತ್ತು ನಿಂತಿತು. ಅದರ ಒಂದೇ ದೌರ್ಬಲ್ಯವೆಂದರೆ ಉಪ್ಪುನೀರು: ಅಲೆಗಳು ಬುಡಕ್ಕೆ ಬಂದು ತೊಲೆಗಳಡಿಯ ಮರಳನ್ನು ಕೊಚ್ಚಿದರೆ, ಅಥವಾ ಸಿಹಿನೀರಿನ ಜಾಗಕ್ಕೆ ಸಮುದ್ರದ ನೀರು ಸೇರಿದರೆ, ಈ ಜಾಣ್ಮೆಗೆ ಆಧಾರವೇ ತಪ್ಪುತ್ತಿತ್ತು. ಮುಂದಿನ ಕಥೆಗೆ ಈ ಮಾತು ಮುಖ್ಯ.

ಹೊಸ ದೀಪ 1870ರ ಡಿಸೆಂಬರ್‌ನಲ್ಲಿ ಬೆಳಗಿತು. ಹಳೆಯ ಗೋಪುರವನ್ನು ಮರುವರ್ಷ ಕೆಡವಿದರು. ಸುಮಾರು ಹನ್ನೆರಡೂವರೆ ಲಕ್ಷ ಇಟ್ಟಿಗೆಗಳನ್ನು ನುಂಗಿದ ಈ ಗೋಪುರ 198 ಅಡಿ, ಅಂದರೆ ಸುಮಾರು 60 ಮೀಟರ್ ಎತ್ತರವಿದ್ದು, ಅಮೆರಿಕದ ಇಟ್ಟಿಗೆ ದೀಪಸ್ತಂಭಗಳಲ್ಲೇ ಅತ್ಯಂತ ಎತ್ತರದ್ದು. ಬುಡದಲ್ಲಿ ಎಂಟು ಮೂಲೆಗಳ ಪೀಠವಿದೆ. ಅದರ ಮೈ ಕೆಂಪು ಇಟ್ಟಿಗೆಯದು, ಮೂಲೆಗಳು ಬೂದು ಗ್ರಾನೈಟ್‌ನವು. ಪೀಠದಿಂದ ಮೇಲೆ ಕ್ರಮೇಣ ಸಣ್ಣದಾಗುವ ಶಂಕುವಿನಾಕಾರದ ದೇಹ, ತುದಿಯಲ್ಲಿ ಕಬ್ಬಿಣದ ಕಟಕಟೆಯಿರುವ, ಸುತ್ತ ಓಡಾಡಬಹುದಾದ ಮೊಗಸಾಲೆ, ಅದರ ಮೇಲೆ ಕಪ್ಪು ಬಣ್ಣದ ದೀಪದ ಗೂಡು. ಒಳಗೆ ಎರಕದ ಕಬ್ಬಿಣದ ಸುರುಳಿ ಮೆಟ್ಟಿಲುಗಳಿವೆ. ಮೊಗಸಾಲೆ ತಲುಪಲು 257 ಮೆಟ್ಟಿಲು ಹತ್ತಬೇಕು. ಕಾವಲುಗಾರರು ಎಣ್ಣೆಯ ಡಬ್ಬಿಗಳನ್ನು ಹೊತ್ತು ಹತ್ತುತ್ತಿದ್ದುದು ಇದೇ ಮೆಟ್ಟಿಲುಗಳನ್ನು. ಮಸೂರವನ್ನು ತಿರುಗಿಸುತ್ತಿದ್ದ ತೂಕದ ಗಡಿಯಾರ ಯಂತ್ರಕ್ಕೆ ಕೀ ಕೊಡುವ ಕೆಲಸವೂ ಅವರದೇ ಆಗಿತ್ತು.

ಈಗ ಪಟ್ಟೆಗಳ ವಿಷಯ. ರಾತ್ರಿ ಒಂದು ದೀಪವನ್ನು ಇನ್ನೊಂದರಿಂದ ಗುರುತಿಸಲು ಅದು ಎಷ್ಟು ಹೊತ್ತಿಗೊಮ್ಮೆ ಮಿನುಗುತ್ತದೆ ಎಂಬುದು ಸಾಕು. ಹ್ಯಾಟರಸ್ ದೀಪ ಈಗ ಏಳೂವರೆ ಸೆಕೆಂಡಿಗೊಮ್ಮೆ ಮಿನುಗುತ್ತದೆ. ಹಗಲಿನಲ್ಲಿ ಆ ಅನುಕೂಲವಿಲ್ಲ. ಬೆಟ್ಟಗುಡ್ಡಗಳಿರುವ ಕರಾವಳಿಯಲ್ಲಾದರೆ ನಾವಿಕ ಶಿಖರಗಳ ಆಕಾರ ನೋಡಿ ತಾನಿರುವ ಜಾಗ ತಿಳಿಯುತ್ತಾನೆ. ಔಟರ್ ಬ್ಯಾಂಕ್ಸ್ ಮೈಲಿಗಟ್ಟಲೆ ಒಂದೇ ರೂಪದ ತಗ್ಗು ಮರಳದಂಡೆ. ಅಲ್ಲಿ ದೂರದಿಂದ ಕಣ್ಣಿಗೆ ಬೀಳುವುದು ದೀಪಸ್ತಂಭವೊಂದೇ. ಆದರೆ 1859ರಲ್ಲಿ ಕೇಪ್ ಲುಕ್‌ಔಟ್, 1870ರಲ್ಲಿ ಹ್ಯಾಟರಸ್, 1872ರಲ್ಲಿ ಬಾಡಿ ಐಲೆಂಡ್ ಹೀಗೆ ಸಾಲಾಗಿ ಎದ್ದ ಎತ್ತರದ ಇಟ್ಟಿಗೆ ಗೋಪುರಗಳು ಆಕಾರದಲ್ಲಿ ಒಡಹುಟ್ಟಿದವರಂತಿದ್ದವು. ಎರಡು ದಿನ ಮೋಡ ಕವಿದು ಸೂರ್ಯನ ಎತ್ತರ ಅಳೆಯಲಾಗದೆ ಬಂದ ಕಪ್ತಾನನಿಗೆ ಕಂಡ ಗೋಪುರ ಯಾವುದೆಂಬ ಒಂದು ತಪ್ಪು ಸಾಕಿತ್ತು, ಹಡಗು ದಿಣ್ಣೆಯ ಮೇಲೆ ಏರಲು.

ಆದ್ದರಿಂದ ಮಂಡಳಿ 1873ರಲ್ಲಿ ಒಂದೊಂದು ಗೋಪುರಕ್ಕೂ ಬೇರೆ ಬೇರೆ ಹಗಲುಗುರುತನ್ನು ಗೊತ್ತುಮಾಡಿತು. ಹ್ಯಾಟರಸ್‌ಗೆ ಸುರುಳಿ ಪಟ್ಟೆ, ಲುಕ್‌ಔಟ್‌ಗೆ ಕಪ್ಪು ಬಿಳಿ ವಜ್ರಾಕೃತಿಗಳು, ಬಾಡಿ ಐಲೆಂಡ್‌ಗೆ ಅಡ್ಡ ಪಟ್ಟೆಗಳು. ಉತ್ತರದ ಕರಿಟಕ್ ಬೀಚ್‌ನಲ್ಲಿ 1875ರಲ್ಲಿ ಬೆಳಗಿದ ಗೋಪುರಕ್ಕೆ ಬಣ್ಣವನ್ನೇ ಬಳಿಯದೆ ಕೆಂಪು ಇಟ್ಟಿಗೆಯನ್ನೇ ಗುರುತಾಗಿ ಬಿಟ್ಟರು. ನೀವು ಓದಿದ ಅದಲುಬದಲಿನ ಕಥೆ ಹುಟ್ಟಿದ್ದು ಹೆಸರಿನಿಂದ: ಡೈಮಂಡ್ ಶೋಲ್ಸ್ ಇರುವುದು ಹ್ಯಾಟರಸ್ ಮುಂದೆ, ವಜ್ರಾಕೃತಿ ಇರುವುದು ಮಾತ್ರ ಲುಕ್‌ಔಟ್ ಮೇಲೆ, ಹಾಗಾದರೆ ಕೆಲಸಗಾರರು ಎಡವಿರಬೇಕು ಎಂಬ ತರ್ಕ. ಕೇಳಲು ಸೊಗಸಾಗಿದೆ, ಆದರೆ ಮಂಡಳಿಯ ಆದೇಶದಲ್ಲೇ ಹ್ಯಾಟರಸ್‌ಗೆ ಸುರುಳಿ ಎಂದಿತ್ತು. ಗೋಪುರವು ನಾವಿಕರಿಗೆ ಪ್ರಕಟಿಸಿದ ಗುರುತಿಗೆ ತದ್ವಿರುದ್ಧವಾಗಿದ್ದರೆ ಆ ತಪ್ಪು ಒಂದೂವರೆ ಶತಮಾನ ಉಳಿಯುವ ಮಾತೇ ಇರಲಿಲ್ಲ. ಹಗಲುಗುರುತು ಸಂಚಾರ ಸುರಕ್ಷತೆಯ ವಿಷಯ.

ಪಟ್ಟೆಗಳು ಒಟ್ಟು ನಾಲ್ಕು: ಎರಡು ಕಪ್ಪು, ಎರಡು ಬಿಳಿ. ಪ್ರತಿಯೊಂದೂ ಬುಡದಿಂದ ತುದಿಗೆ ಹೋಗುವಷ್ಟರಲ್ಲಿ ಗೋಪುರವನ್ನು ಒಂದೂವರೆ ಸುತ್ತು ಹಾಕುತ್ತದೆ. ಇದರ ಉಪಯೋಗ ಗಮನಿಸಿ. ಬಿಳಿಯ ಆಕಾಶ ಅಥವಾ ಮಂಜಿನ ಮುಂದೆ ಬಿಳಿ ಗೋಪುರ ಕರಗಿಹೋಗುತ್ತದೆ, ಕಡುಹಸಿರು ಕಾಡಿನ ಮುಂದೆ ಕಪ್ಪು ಗೋಪುರ ಕಾಣುವುದಿಲ್ಲ. ಎರಡೂ ಬಣ್ಣಗಳಿದ್ದಾಗ ಹಿನ್ನೆಲೆ ಯಾವುದಿದ್ದರೂ ಒಂದಾದರೂ ಎದ್ದು ಕಾಣುತ್ತದೆ. ಓರೆಯಾಗಿ ಏರುವ ಗೆರೆಯನ್ನು ದೂರದಿಂದಲೂ ಅಡ್ಡ ಪಟ್ಟೆಯೆಂದು ತಪ್ಪು ತಿಳಿಯಲಾಗದು. ಉತ್ತರದಿಂದ ಬಂದರೂ ದಕ್ಷಿಣದಿಂದ ಬಂದರೂ ನೋಟ ಒಂದೇ ತೆರನಾಗಿರುತ್ತದೆ. ಲುಕ್‌ಔಟ್‌ನ ವಜ್ರಾಕೃತಿಗಳದು ಇನ್ನೊಂದು ಜಾಣ್ಮೆ: ಅಲ್ಲಿ ಕಪ್ಪು ಆಕೃತಿಗಳ ನಡುಭಾಗ ಉತ್ತರ-ದಕ್ಷಿಣಕ್ಕೂ ಬಿಳಿಯವು ಪೂರ್ವ-ಪಶ್ಚಿಮಕ್ಕೂ ಮುಖ ಮಾಡಿವೆ, ಹಾಗಾಗಿ ನೋಡುಗನಿಗೆ ತಾನಿರುವ ದಿಕ್ಕಿನ ಸುಳಿವೂ ಸಿಗುತ್ತದೆ.

ದೀಪವನ್ನು ದಿಣ್ಣೆಯ ಮೇಲೇ ಏಕೆ ಕಟ್ಟಲಿಲ್ಲ ಎಂಬ ಪ್ರಶ್ನೆಯೂ ಏಳಬಹುದು. ಯತ್ನಗಳಾಗಿವೆ. 1824ರಲ್ಲಿ ಅಲ್ಲಿ ಲಂಗರು ಹಾಕಿದ ದೀಪನೌಕೆ 1827ರಲ್ಲಿ ಬಿರುಗಾಳಿಗೆ ದಡಕ್ಕೆ ಬಡಿಯಿತು. 1890ರ ದಶಕದ ಆರಂಭದಲ್ಲಿ ದಿಣ್ಣೆಯ ಮೇಲೆ ಗೋಪುರ ಕಟ್ಟುವ ಕೆಲಸವನ್ನು ಸಮುದ್ರದ ಹೊಡೆತಕ್ಕೆ ಕೈಬಿಡಬೇಕಾಯಿತು. ಆಮೇಲೆ ಬಂದ ದೀಪನೌಕೆಗಳಲ್ಲಿ ಒಂದನ್ನು 1918ರಲ್ಲಿ ಜರ್ಮನಿಯ ಜಲಾಂತರ್ಗಾಮಿ ಮುಳುಗಿಸಿತು. ಉಕ್ಕಿನ ಕಂಬಗಳ ಮೇಲಿನ ದೀಪ ಅಲ್ಲಿ ನಿಂತದ್ದು 1966ರಲ್ಲಿ.

ಗೋಪುರ ಕಟ್ಟಿದಾಗ ಅದಕ್ಕೂ ಸಮುದ್ರಕ್ಕೂ ನಡುವೆ ಸುಮಾರು 1,500 ಅಡಿ ದಂಡೆಯಿತ್ತು. 1919ರ ಹೊತ್ತಿಗೆ ಉಳಿದದ್ದು 300 ಅಡಿ, 1935ಕ್ಕೆ ಸುಮಾರು 100 ಅಡಿ. ಇದು ಆಕಸ್ಮಿಕವಲ್ಲ. ಇಂಥ ಮರಳ ದ್ವೀಪಗಳ ಸ್ವಭಾವವೇ ಹಿಂದಕ್ಕೆ ಸರಿಯುವುದು: ಬಿರುಗಾಳಿಯ ಅಲೆಗಳು ಸಾಗರದ ಕಡೆಯ ಮರಳನ್ನು ಎತ್ತಿ ದ್ವೀಪದ ಮೇಲಿನಿಂದ ಹಿನ್ನೀರಿನ ಕಡೆಗೆ ಸುರಿಯುತ್ತವೆ, ಸಮುದ್ರಮಟ್ಟ ಏರಿದಂತೆ ಈ ಚಲನೆ ಚುರುಕಾಗುತ್ತದೆ. ದ್ವೀಪ ಮುಖ್ಯ ನೆಲದತ್ತ ಸರಿಯುತ್ತದೆ, ಗೋಪುರ ನಿಂತಲ್ಲೇ ನಿಲ್ಲುತ್ತದೆ. 1936ರಲ್ಲಿ ದೀಪವನ್ನು ಒಳನಾಡಿನ ಬಕ್ಸ್‌ಟನ್ ಕಾಡಿನ ಉಕ್ಕಿನ ಚೌಕಟ್ಟಿನ ಗೋಪುರಕ್ಕೆ ಬದಲಿಸಿ, ಇಟ್ಟಿಗೆ ಗೋಪುರವನ್ನು ತೊರೆದರು. ಆ ವರ್ಷಗಳಲ್ಲಿ ಕಿಡಿಗೇಡಿಗಳು ಫ್ರೆನೆಲ್ ಮಸೂರದ ಗಾಜುಗಳನ್ನು ಒಂದೊಂದಾಗಿ ಕಿತ್ತೊಯ್ದದ್ದು ನೋವಿನ ಸಂಗತಿ. ಉಳಿದ ಭಾಗಗಳು ಈಗ ಹ್ಯಾಟರಸ್ ಊರಿನ ವಸ್ತುಸಂಗ್ರಹಾಲಯದಲ್ಲಿವೆ. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಜಲಾಂತರ್ಗಾಮಿಗಳು ಈ ಕರಾವಳಿಯ ಹಡಗುಗಳನ್ನು ಬೇಟೆಯಾಡುತ್ತಿದ್ದಾಗ ಖಾಲಿ ಗೋಪುರ ಕಾವಲುತಾಣವಾಗಿ ನೆರವಾಯಿತು. ಮರಳದಿಬ್ಬಗಳನ್ನು ಬೆಳೆಸಿದ್ದರಿಂದ ದಂಡೆ ತಾತ್ಕಾಲಿಕವಾಗಿ ಚೇತರಿಸಿಕೊಂಡು, 1950ರ ಜನವರಿಯಲ್ಲಿ ದೀಪ ಮತ್ತೆ ಹಳೆಯ ಗೋಪುರಕ್ಕೆ ಮರಳಿತು.

ಆದರೆ 1970ರ ಹೊತ್ತಿಗೆ ಸಮುದ್ರ ಪುನಃ 120 ಅಡಿ ದೂರದಲ್ಲಿತ್ತು. ಅಡ್ಡಕಟ್ಟೆಗಳು, ಮರಳಿನ ಚೀಲಗಳು, ಹೊರಗಿನಿಂದ ತಂದು ಸುರಿದ ಮರಳು, ಕೃತಕ ಕಡಲಪಾಚಿ, ಎಲ್ಲವನ್ನೂ ಪ್ರಯತ್ನಿಸಿದರು. 1980ರ ಬಿರುಗಾಳಿಯೊಂದು 1803ರ ಗೋಪುರದ ಉಳಿದಿದ್ದ ಅಡಿಪಾಯವನ್ನೂ ಕೊಚ್ಚಿಕೊಂಡು ಹೋಯಿತು. ನೀವು ಕೇಳಿದ ಅಡ್ಡಗೋಡೆಯ ಯೋಜನೆ ಆಗಲೇ ಗಂಭೀರ ಪರಿಶೀಲನೆಯಲ್ಲಿತ್ತು. ಗೋಡೆ ಗೋಪುರವನ್ನು ಕೆಲಕಾಲ ಉಳಿಸುತ್ತಿತ್ತು, ನಿಜ; ಆದರೆ ಸುತ್ತಲಿನ ದಂಡೆ ಸರಿಯುತ್ತ ಹೋಗಿ, ಗೋಪುರ ಗೋಡೆಯೊಳಗಿನ ನಡುಗಡ್ಡೆಯಾಗುತ್ತಿತ್ತು. ಗೋಡೆಗೆ ಬಡಿದು ಮರಳುವ ಅಲೆಗಳು ಮುಂದಿನ ಮರಳನ್ನೂ ಎಳೆದೊಯ್ಯುತ್ತಿದ್ದವು. ಮರಳೊಳಗಿನ ಸಿಹಿನೀರನ್ನು ನಂಬಿದ ಮರದ ಅಡಿಪಾಯಕ್ಕೆ ಅಂಥ ಸ್ಥಿತಿ ಅಪಾಯಕರ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 1988ರಲ್ಲಿ ಸ್ಥಳಾಂತರವೇ ಉತ್ತಮವೆಂದು ಶಿಫಾರಸು ಮಾಡಿತು. ಸ್ಥಳೀಯರಲ್ಲಿ ಹಲವರು ಇದನ್ನು ಕಟುವಾಗಿ ವಿರೋಧಿಸಿದರು. ಎತ್ತಿದರೆ ಇಟ್ಟಿಗೆ ಗೋಪುರ ಕುಸಿದೀತೆಂಬ ಅವರ ಭಯವನ್ನೂ, ಹುಟ್ಟಿದ ಜಾಗದಿಂದ ಕದಲಿಸಿದರೆ ಸ್ಮಾರಕದ ಅರ್ಥವೇ ಹೋಗುತ್ತದೆಂಬ ವಾದವನ್ನೂ ನಾನು ಹಗುರವಾಗಿ ಕಾಣಲಾರೆ. ಆದರೂ ಸಮುದ್ರದಿಂದ ಇಂತಿಷ್ಟು ದೂರದಲ್ಲಿರುವುದೇ ಈ ಗೋಪುರದ ಮೂಲ ಸಂದರ್ಭ. ಸ್ಥಳಾಂತರ ಆ ದೂರವನ್ನು ಅದಕ್ಕೆ ಹಿಂದಿರುಗಿಸಿತು. ಹೊಸ ಗೋಪುರ ಕಟ್ಟಿದ್ದರೆ ದೀಪ ಸಿಗುತ್ತಿತ್ತು, ಸ್ಟೆಟ್‌ಸನ್ ಅವರ ಕೆಲಸ ಉಳಿಯುತ್ತಿರಲಿಲ್ಲ.

ಕೆಲಸ ನಡೆದದ್ದು ಹೀಗೆ. ಗೋಪುರದ ಬುಡದ ಗ್ರಾನೈಟ್ ಕಲ್ಲುಗಳನ್ನು ಭಾಗ ಭಾಗವಾಗಿ ಕತ್ತರಿಸಿ ತೆಗೆಯುತ್ತ, ಆ ಜಾಗದಲ್ಲಿ ತಾತ್ಕಾಲಿಕ ಆಧಾರಗಳನ್ನೂ ಉಕ್ಕಿನ ತೊಲೆಗಳನ್ನೂ ತೂರಿಸಿ, ಭಾರವನ್ನು ಅವುಗಳ ಮೇಲೆ ತಂದರು. ಮರದ ತೊಲೆಗಳ ಹಾಸು ಹಳೆಯ ಜಾಗದಲ್ಲೇ ಉಳಿಯಿತು. ಕತ್ತರಿಸಿದ ಗೋಪುರದ ತೂಕ 4,830 ಅಮೆರಿಕನ್ ಟನ್, ಅಂದರೆ ಸುಮಾರು 4,400 ಮೆಟ್ರಿಕ್ ಟನ್. ತೊಲೆಗಳಲ್ಲಿ ಅಳವಡಿಸಿದ ನೂರು ಹೈಡ್ರಾಲಿಕ್ ಜ್ಯಾಕ್‌ಗಳನ್ನು ಮೂರು ಗುಂಪುಗಳಾಗಿ ಜೋಡಿಸಿದ್ದರು. ಮೂರು ಕಾಲಿನ ಪೀಠ ಏರುತಗ್ಗಿನ ನೆಲದಲ್ಲೂ ಅಲುಗಾಡುವುದಿಲ್ಲ. ಅದೇ ತತ್ತ್ವದಿಂದ ಗೋಪುರ ಎಲ್ಲೂ ವಾಲದಂತೆ ನೋಡಿಕೊಂಡರು. ಮೇಲೆತ್ತಿದ ಗೋಪುರವನ್ನು ಉಕ್ಕಿನ ಹಳಿಗಳ ಮೇಲೆ, ಉರುಳೆಗಳ ಸಹಾಯದಿಂದ, ಹಿಂದಿನಿಂದ ಜ್ಯಾಕ್‌ಗಳು ಐದೈದು ಅಡಿಯಾಗಿ ತಳ್ಳುತ್ತ ಸಾಗಿದವು. ದಾಟಿದ ಹಳಿಗಳನ್ನು ಕಳಚಿ ಮುಂದೆ ಹಾಸುತ್ತಿದ್ದರು. ಓರೆ, ಕಂಪನ, ಭಾರದ ಹಂಚಿಕೆಗಳನ್ನು ಅಳೆಯಲು ಅರವತ್ತು ಸಂವೇದಕಗಳಿದ್ದವು. ಗಾಳಿಯ ವೇಗ ತಿಳಿಯಲು ತುದಿಯಲ್ಲೇ ಹವಾಮಾನ ಉಪಕರಣಗಳಿದ್ದವು. 1999ರ ಜೂನ್ 17ರಂದು ಹೊರಟ ಗೋಪುರ ಜುಲೈ 9ರಂದು, 2,900 ಅಡಿ ಸಾಗಿ ಹೊಸ ಜಾಗ ಸೇರಿತು. ಈ ಬಾರಿ ಅಡಿಪಾಯ 60 ಅಡಿ ಉದ್ದಗಲ, ನಾಲ್ಕು ಅಡಿ ದಪ್ಪದ ಉಕ್ಕಿನ ಸರಳುಗಳ ಕಾಂಕ್ರೀಟ್ ಹಾಸು. ಕಾವಲುಗಾರರ ಮನೆಗಳು, ಎಣ್ಣೆಯ ಕೋಣೆ, ನೀರಿನ ತೊಟ್ಟಿಗಳನ್ನೂ ಸರಿಸಿ, ಮೊದಲಿದ್ದ ದಿಕ್ಕು ಮತ್ತು ಅಂತರಗಳಲ್ಲೇ ಕೂರಿಸಿದರು. ನವೆಂಬರ್ 13ರಂದು ದೀಪ ಮತ್ತೆ ಬೆಳಗಿತು. ಆಗ ಸಮುದ್ರ ಸುಮಾರು 1,600 ಅಡಿ ದೂರವಿತ್ತು, ಹೆಚ್ಚುಕಡಿಮೆ 1870ರಲ್ಲಿ ಇದ್ದಷ್ಟೇ.

ಸ್ಥಳಾಂತರ ಸರಿಯಾದ ನಿರ್ಧಾರವಾಗಿತ್ತೇ ಎಂಬುದಕ್ಕೆ ಹಳೆಯ ಜಾಗವೇ ಸಾಕ್ಷಿ. ಕತ್ತರಿಸಿದ ಅಡಿಪಾಯದ ಗ್ರಾನೈಟ್ ಕಲ್ಲುಗಳ ಮೇಲೆ 83 ಕಾವಲುಗಾರರ ಹೆಸರು ಕೆತ್ತಿಸಿ ಅಲ್ಲೇ ವೃತ್ತಾಕಾರವಾಗಿ ಇರಿಸಿದ್ದರು. ಅಲೆಗಳೂ ಮರಳೂ ಅವನ್ನು ಮತ್ತೆ ಮತ್ತೆ ಮುಚ್ಚಿದ್ದರಿಂದ 2015ರಲ್ಲಿ ಆ ಕಲ್ಲುಗಳನ್ನೂ ಒಳಕ್ಕೆ ಒಯ್ಯಬೇಕಾಯಿತು. ಗೋಪುರದ ಕಬ್ಬಿಣ, ಇಟ್ಟಿಗೆ ಮತ್ತು ಬಣ್ಣಗಳ ದೊಡ್ಡ ಪ್ರಮಾಣದ ಜೀರ್ಣೋದ್ಧಾರ 2024ರಲ್ಲಿ ಆರಂಭವಾಗಿದೆ.

ಇನ್ನು ಫ್ಲೋರಿಡಾದ ಚಿತ್ರ. ಅದು ಬೇರೆಯೇ ಗೋಪುರ. ಬಹುಶಃ 1874ರಲ್ಲಿ ಬೆಳಗಿದ ಸೇಂಟ್ ಅಗಸ್ಟೀನ್ ದೀಪಸ್ತಂಭ. ಅದಕ್ಕೂ ಕಪ್ಪು ಬಿಳಿ ಸುರುಳಿ ಪಟ್ಟೆಗಳಿವೆ. ನೂರಾರು ಮೈಲಿ ಅಂತರವಿರುವುದರಿಂದ ನಾವಿಕರಿಗೆ ಗೊಂದಲವಾಗುವ ಪ್ರಶ್ನೆ ಇರಲಿಲ್ಲ. ಚಿತ್ರದಲ್ಲಿ ಗುರುತಿಸುವುದಾದರೆ ತುದಿ ನೋಡಿ: ಸೇಂಟ್ ಅಗಸ್ಟೀನ್‌ನ ದೀಪದ ಗೂಡು ಕೆಂಪು, ಹ್ಯಾಟರಸ್‌ನದು ಕಪ್ಪು.